ಮನೆಯಲ್ಲೇ ರೆಸೊನೇಟರ್ ಗಿಟಾರ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಹವ್ಯಾಸಿಗಳಿಗಾಗಿ ಬರೆದದ್ದು. ಮರಗೆಲಸ ಅಲ್ಪಸ್ವಲ್ಪ ಗೊತ್ತಿದ್ದರೆ ಸಾಕು. ಗಿಟಾರ್ ನುಡಿಸಲು ಬರಲೇಬೇಕು ಅಂತೇನಿಲ್ಲ. ಆದರೆ ಶ್ರುತಿ ಮಾಡಲು ಬರಬೇಕು, ಇಲ್ಲದಿದ್ದರೆ ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ನಿಮಗೇ ತಿಳಿಯುವುದಿಲ್ಲ.

ರೆಸೊನೇಟರ್ ಗಿಟಾರ್ ಅಂದರೆ ಏನು? ಮಾಮೂಲಿ ಗಿಟಾರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಗಿಟಾರ್‌ನಲ್ಲಿ ತಂತಿಯ ಅದುರು ಬ್ರಿಡ್ಜ್ (ತಂತಿಗಳನ್ನು ಹೊರುವ ಪಟ್ಟಿ) ಮೂಲಕ ಮರದ ಮೇಲ್ಹಲಗೆಗೆ ಇಳಿಯುತ್ತದೆ. ಹಲಗೆ ಅಲುಗುತ್ತದೆ, ಸದ್ದು ಹೊರಡುತ್ತದೆ. ರೆಸೊನೇಟರ್‌ನಲ್ಲಿ ಹಲಗೆಗೆ ಆ ಕೆಲಸ ಇಲ್ಲ. ಬ್ರಿಡ್ಜ್ ಕೂರುವುದು ತೆಳುವಾದ ಅಲ್ಯೂಮಿನಿಯಂ ಕೋನ್ ಮೇಲೆ. ಸ್ಪೀಕರ್‌ನೊಳಗಿನ ಕಾಗದದ ಕೋನ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಕರೆಂಟ್ ಇಲ್ಲದೆ.

ಇದು ಹುಟ್ಟಿದ್ದೇ ಸದ್ದಿಗಾಗಿ. 1920ರ ದಶಕದಲ್ಲಿ ಅಮೆರಿಕದ ಡಾನ್ಸ್ ಬ್ಯಾಂಡ್‌ಗಳಲ್ಲಿ ಕೊಂಬು, ಡ್ರಮ್ಮುಗಳ ನಡುವೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಆಗಿನ್ನೂ ಎಲೆಕ್ಟ್ರಿಕ್ ಗಿಟಾರ್ ಬಂದಿರಲಿಲ್ಲ. ಜಾರ್ಜ್ ಬೋಶಾಂಪ್ ಎಂಬ ಗಿಟಾರ್ ವಾದಕ ಜೋರಾದ ಗಿಟಾರ್ ಬೇಕೆಂದು ಜಾನ್ ದೊಪ್ಯೇರಾ ಎಂಬ ವಾದ್ಯ ತಯಾರಕರನ್ನು ಕೇಳಿದರು. 1927ರ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ‘ನ್ಯಾಷನಲ್’ ಹೆಸರಿನ ಗಿಟಾರ್‌ಗಳು ಬಂದವು. ಆಮೇಲೆ ಇಬ್ಬರಿಗೂ ಸರಿಹೋಗಲಿಲ್ಲ. ದೊಪ್ಯೇರಾ ಹೊರಬಂದು ಅಣ್ಣತಮ್ಮಂದಿರ ಜೊತೆ ‘ಡೋಬ್ರೋ’ ಶುರುಮಾಡಿದರು.

ಎಷ್ಟು ಬಗೆ ಇವೆ? ಮೊದಲ ಸಲ ಯಾವುದು ಮಾಡಲಿ?

ಮುಖ್ಯವಾಗಿ ಮೂರು.

ಟ್ರೈಕೋನ್‌ನಲ್ಲಿ ಸುಮಾರು 6 ಇಂಚಿನ ಮೂರು ಪುಟ್ಟ ಕೋನ್‌ಗಳಿರುತ್ತವೆ. ಮೂರರ ಮೇಲೂ ಕೂರುವ ಇಂಗ್ಲಿಷ್ ಟಿ ಆಕಾರದ ಬ್ರಿಡ್ಜ್ ಇರುತ್ತದೆ. ನಾದ ಮೆತ್ತಗೆ, ಉದ್ದ. ಮಾಡುವುದು ಕಷ್ಟ.

ಬಿಸ್ಕೆಟ್ ಬಗೆಯಲ್ಲಿ ಸುಮಾರು 9.5 ಇಂಚಿನ ಒಂದೇ ಕೋನ್. ಅದರ ತುದಿ ತಂತಿಗಳ ಕಡೆ ಮೇಲಕ್ಕಿರುತ್ತದೆ. ತುದಿಯ ಮೇಲೊಂದು ಮರದ ಬಿಲ್ಲೆ. ಅದನ್ನೇ ಬಿಸ್ಕೆಟ್ ಅನ್ನುತ್ತಾರೆ. ಬಿಲ್ಲೆಯಲ್ಲಿ ಸ್ಯಾಡಲ್, ಅಂದರೆ ತಂತಿಗಳು ಕೂರುವ ಸಣ್ಣ ಪಟ್ಟಿ. ಮೀಟಿದ ಕೂಡಲೇ ಜೋರಾಗಿ ಚಿಮ್ಮಿ ಬೇಗ ಅಡಗುವ ಸದ್ದು. ಬ್ಲೂಸ್ ನುಡಿಸುವವರಿಗೆ ಇದೇ ಬೇಕು.

ಸ್ಪೈಡರ್, ಅಂದರೆ ಡೋಬ್ರೋ ಬಗೆಯಲ್ಲಿ ಸುಮಾರು 10.5 ಇಂಚಿನ ಕೋನ್ ಬಟ್ಟಲಿನ ಹಾಗೆ ಮೇಲ್ಮುಖವಾಗಿ ಇರುತ್ತದೆ. ಎಂಟು ಕಾಲಿನ ಲೋಹದ ಚೌಕಟ್ಟೊಂದು ಅದುರನ್ನು ಕೋನ್‌ನ ಅಂಚಿಗೂ ನಡುವಿಗೂ ಸಾಗಿಸುತ್ತದೆ. ಸ್ವಲ್ಪ ಮೂಗಿನಲ್ಲಿ ಹಾಡಿದಂಥ, ಎಳೆದಷ್ಟೂ ನಿಲ್ಲುವ ನಾದ.

ಮೊದಲ ಸಲ ಬಿಸ್ಕೆಟ್ ಮಾಡಿ. ಬಿಡಿಭಾಗ ಕಮ್ಮಿ. ಸ್ಪೈಡರ್‌ನ ಚೌಕಟ್ಟು ಎರಕದ ಕೆಲಸ, ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಮೋಹನ ವೀಣೆಯೂ ಇದೇ ಅಲ್ವಾ?

ಅಲ್ಲ. ವಿಶ್ವಮೋಹನ ಭಟ್ಟರ ಮೋಹನ ವೀಣೆಗೆ ಲೋಹದ ಕೋನ್ ಇಲ್ಲ. ಅದು ಉಬ್ಬು ಹಲಗೆಯ ಗಿಟಾರ್‌ಗೆ ಚಿಕಾರಿ (ಶ್ರುತಿ, ತಾಳಕ್ಕೆ ಮೀಟುವ), ತರಬ್ (ತಾನಾಗಿ ಅನುರಣಿಸುವ) ತಂತಿಗಳನ್ನು ಸೇರಿಸಿ ಮಾಡಿಕೊಂಡದ್ದು. 1994ರಲ್ಲಿ ಅವರಿಗೆ ಗ್ರ್ಯಾಮಿ ಬಂದಮೇಲೆ ಮಡಿಲಲ್ಲಿಟ್ಟು ನುಡಿಸುವ ಗಿಟಾರ್‌ಗಳಿಗೆಲ್ಲ ಜನ ಅದೇ ಹೆಸರು ಹೇಳುತ್ತಾರೆ. ನುಡಿಸುವ ರೀತಿ ಮಾತ್ರ ಹತ್ತಿರದ್ದೇ: ತಂತಿಯ ಮೇಲೆ ಉಕ್ಕಿನ ಸರಳನ್ನು ಜಾರಿಸುವುದು.

ನಮ್ಮವರಿಗೆ ಇದೇನು ಹೊಸದಲ್ಲ. ವೀಣೆಯಂಥ ಗೋಟುವಾದ್ಯದಲ್ಲಿ ವೀಣೆಯ ಮೆಟ್ಟಿಲೇ ಇಲ್ಲ, ಮರದ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುತ್ತಾರೆ. ಆ ವಾದ್ಯದ ದೊಡ್ಡ ವಿದ್ವಾಂಸರಾದ ನಾರಾಯಣ ಅಯ್ಯಂಗಾರ್ ಮೈಸೂರು ಆಸ್ಥಾನದಲ್ಲಿದ್ದವರು.

ಚೌಕ ಕತ್ತು, ದುಂಡು ಕತ್ತು ಅನ್ನುತ್ತಾರಲ್ಲ, ಯಾವುದು ಒಳ್ಳೆಯದು?

ಮೊದಲ ಗಿಟಾರ್‌ಗೆ ಕಣ್ಣುಮುಚ್ಚಿಕೊಂಡು ಚೌಕ ಕತ್ತು ಮಾಡಿ. ಅಂದರೆ ಮಡಿಲಲ್ಲಿ ಮಲಗಿಸಿಕೊಂಡು ಸ್ಲೈಡ್‌ನಲ್ಲಿ, ಅಂದರೆ ಸರಳು ಜಾರಿಸಿ ನುಡಿಸುವ ವಾದ್ಯ. ಕಾರಣ ಇದೆ. ತಂತಿಯನ್ನು ಬೆರಳಲ್ಲಿ ಒತ್ತುವುದಿಲ್ಲವಾದ್ದರಿಂದ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡ ಕಂಬಿ) ಬೇಡ, ಗೆರೆ ಎಳೆದರೆ ಸಾಕು. ಕತ್ತಿನ ಹಿಂಭಾಗವನ್ನು ಕೈಗೆ ಹೊಂದುವಂತೆ ಕೆತ್ತಬೇಕಿಲ್ಲ. ತಂತಿಯ ಎತ್ತರ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ನಡೆಯುತ್ತದೆ. ಮನೆಯಲ್ಲಿ ಮಾಡಿದ ಗಿಟಾರ್ ಮೂಲೆ ಸೇರುವುದು ಹೆಚ್ಚಾಗಿ ಫ್ರೆಟ್ ಮತ್ತು ಕತ್ತಿನ ಕೋನ ಸರಿಬರದೆ. ಸ್ಲೈಡ್ ಗಿಟಾರ್‌ನಲ್ಲಿ ಆ ಎರಡು ತಲೆನೋವೂ ದೂರ. ಉಳಿದ ಸಮಯವನ್ನೆಲ್ಲ ಕೋನ್‌ಗೆ ಕೊಡಬಹುದು. ಕೊಡಬೇಕಾದ್ದೂ ಅಲ್ಲೇ.

ಕೋನ್ ಎಲ್ಲಿ ಸಿಗುತ್ತದೆ? ಪಾತ್ರೆ ಅಂಗಡಿಯ ಅಲ್ಯೂಮಿನಿಯಂ ತಟ್ಟೆ ಆಗಲ್ವಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಸರಿಯಾದ ಕೋನ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಣ ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ, ಮರಕ್ಕಲ್ಲ. ಲೇತ್‌ನಲ್ಲಿ ತಿರುಗಿಸಿ ಮಾಡಿದ ಕೋನ್ ಒಳ್ಳೆಯದು. ಅಚ್ಚಿನಲ್ಲಿ ಒತ್ತಿದ್ದು ಅಗ್ಗ, ಸದ್ದು ಸ್ವಲ್ಪ ಮಂಕು.

ತಟ್ಟೆಯಿಂದಲೂ ಆಗುತ್ತದೆ. ನ್ಯಾಷನಲ್ ಗಿಟಾರ್‌ನ ನಾದ ಬರುವುದಿಲ್ಲ, ಆದರೆ ಖುಷಿ ಕೊಡುವ ಒರಟು ಸದ್ದು ಬಂದೇ ಬರುತ್ತದೆ. ದೇವರಾಜ ಮಾರುಕಟ್ಟೆಯ ಸುತ್ತಮುತ್ತಲ ಪಾತ್ರೆ ಅಂಗಡಿಗೆ ಹೋಗಿ ತಟ್ಟೆ, ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ ನೋಡಿ. ಅಂಚನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿದು ನಡುವೆ ಉಗುರಿನಿಂದ ತಟ್ಟಿ. ಗಂಟೆ ಹೊಡೆದ ಹಾಗೆ ಒಂದೇ ಸ್ವರ ಉದ್ದಕ್ಕೆ ನಿಂತರೆ ಬೇಡ, ಆ ಒಂದು ಸ್ವರ ಎಲ್ಲ ರಾಗದಲ್ಲೂ ತಲೆಹಾಕುತ್ತದೆ. ‘ಟಪ್’ ಅಂತ ತುಂಬಿದ ಸದ್ದು ಬಂದು ನಿಂತರೆ ಅದನ್ನು ತೆಗೆದುಕೊಳ್ಳಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸ್ಟೀಲ್ ತಟ್ಟೆ ಭಾರ. ಹಿಂಡಾಲಿಯಂ ಪಾತ್ರೆ ಇನ್ನೂ ದಪ್ಪ. ಚಾಟ್ಸ್ ಕೊಡುವ ಫಾಯಿಲ್ ತಟ್ಟೆ ತಂತಿಯ ಭಾರಕ್ಕೆ ಕುಸಿದುಹೋಗುತ್ತದೆ. ನಿಜವಾದ ಕೋನ್ ಅರ್ಧ ಮಿಲಿಮೀಟರ್‌ಗಿಂತ ತೆಳು. ಅಷ್ಟು ತೆಳುವಾಗಿದ್ದೂ ಭಾರ ಹೊರುವುದು ಅದರ ಆಕಾರದಿಂದ. ಹಾಗಾಗಿ ಚಪ್ಪಟೆ ತಳದ ತಟ್ಟೆಗಿಂತ ನಡು ಉಬ್ಬಿದ ಮುಚ್ಚಳ ವಾಸಿ. ಇನ್ನೊಂದು ಮಾತು: ಬಡಿದು ತಿದ್ದಿದರೆ ಅಲ್ಯೂಮಿನಿಯಂ ಗಡುಸಾಗುತ್ತದೆ, ಅದು ನಮಗೆ ಒಳ್ಳೆಯದೇ. ಕಾಯಿಸಿದರೆ ಮೆತ್ತಗಾಗುತ್ತದೆ. ಸ್ಟೌ ಹತ್ತಿರ ತರಬೇಡಿ.

ಪೆಟ್ಟಿಗೆಗೆ ಯಾವ ಮರ? ಬೀಟೆ ಸಿಕ್ಕರೆ ಚೆನ್ನಾಗಿರುತ್ತಾ?

ಮೈಸೂರಿನಲ್ಲಿ ಈ ಆಸೆ ಸಹಜ. ಮಂಡಿ ಮೊಹಲ್ಲಾ ಕಡೆ ಬೀಟೆ ಮರದಲ್ಲಿ ಕೂರಿಸುವ ಚಿತ್ತಾರದ ಕೆಲಸ ನೋಡಿದವರಿಗೆ ಗಿಟಾರ್‌ಗೂ ಅದೇ ಬೇಕು ಅನ್ನಿಸುತ್ತದೆ. ಆದರೆ ಇಲ್ಲಿ ಬೀಟೆ ಹಾಕುವುದು ದಂಡ. ಸದ್ದು ಮಾಡುವುದು ಕೋನ್. ಪೆಟ್ಟಿಗೆಯ ಕೆಲಸ ಅದನ್ನು ಅಲುಗದ ಹಾಗೆ ಹಿಡಿದುಕೊಳ್ಳುವುದು. ಹಳೆಯ ಡೋಬ್ರೋಗಳ ಪೆಟ್ಟಿಗೆ ಕೂಡ ಪ್ಲೈವುಡ್‌ನದೇ. ಮೇಲಾಗಿ ಬೀಟೆ ಕಾಯ್ದಿಟ್ಟ ಮರ, ಬಿಲ್ ಇಲ್ಲದೆ ಯಾರೋ ಕೊಟ್ಟರೆಂದು ತರಬೇಡಿ. ಆಸೆ ತೀರಲೇಬೇಕಾದರೆ ಆ ಕುಶಲಕರ್ಮಿಗಳ ಹತ್ತಿರ ಉಳಿದ ಚೂರು ಕೇಳಿ ತಂದು ಕತ್ತಿನ ಮೇಲೆ ಗುರುತಿನ ಚುಕ್ಕೆ ಕೂರಿಸಿ.

ಮೇಲ್ಹಲಗೆ, ಹಿಂಬದಿಗೆ 6 ಮಿ.ಮೀ. ಪ್ಲೈವುಡ್. ಪಕ್ಕಗಳಿಗೆ 4 ಮಿ.ಮೀ. ಸಾಕು. ಪಕ್ಕ ಬಗ್ಗಿಸುವುದು ಕಷ್ಟ ಅನ್ನಿಸಿದರೆ ಸೊಂಟವೇ ಇಲ್ಲದ ಉದ್ದನೆಯ ಚೌಕ ಪೆಟ್ಟಿಗೆ ಮಾಡಿ. ಮಡಿಲಲ್ಲಿಟ್ಟು ನುಡಿಸುವಾಗ ಅದು ಇನ್ನೂ ಚೆನ್ನಾಗಿ ಕೂರುತ್ತದೆ.

ಕತ್ತಿಗೆ ತೇಗ. ಹೊಸ ಮರಕ್ಕಿಂತ ಹಳೆ ಮನೆ ಕೆಡವಿದಾಗ ಸಿಗುವ ಬಾಗಿಲ ಚೌಕಟ್ಟಿನ ತುಂಡು ಮೇಲು. ಅದು ಒಣಗಿ, ತಿರುಚುವಷ್ಟು ತಿರುಚಿ ಸುಮ್ಮನಾಗಿರುತ್ತದೆ. ಒಳಗೆ ಮೊಳೆ ಇದೆಯಾ ಅಂತ ಮೊದಲು ಮ್ಯಾಗ್ನೆಟ್ ಹಾಯಿಸಿ ನೋಡಿ. ಆಚಾರ್ರ ಪ್ಲೇನರ್ ಬ್ಲೇಡು ಹಾಳಾದರೆ ಆಮೇಲೆ ಅವರು ನಿಮ್ಮ ಫೋನ್ ಎತ್ತುವುದಿಲ್ಲ.

ಆಚಾರ್ರಿಗೆ ಇದನ್ನೆಲ್ಲ ಹೇಗೆ ವಿವರಿಸುವುದು?

ವಿವರಿಸಬೇಡಿ. ಗಿಟಾರ್ ಅಂದರೆ ಅವರ ಕಣ್ಣ ಮುಂದೆ ಬೇರೆಯೇ ಚಿತ್ರ ಬರುತ್ತದೆ. ಪೂರ್ತಿ ಅಳತೆಯಲ್ಲಿ ರಟ್ಟು ಕತ್ತರಿಸಿ ಕೈಗೆ ಕೊಡಿ. “ಆಚಾರ್ರೇ, ಈ ರಟ್ಟು ಹೆಂಗಿದೆಯೋ ಹಂಗೇ ಕುಯ್ದು ಕೊಡಿ” ಅಂದರೆ ಕೆಲಸ ಆಗುತ್ತದೆ. ನಡುವೆ ಇಷ್ಟು ದೊಡ್ಡ ತೂತು ಯಾಕೆ ಸಾರ್ ಅಂತ ಕೇಳಿಯೇ ಕೇಳುತ್ತಾರೆ. ಕೋನ್ ತೋರಿಸಿ. ತೋರಿಸಿದ ಮೇಲೆ ಅವರೇ ನಿಮಗಿಂತ ಚೆನ್ನಾಗಿ ಕೂರಿಸುವ ದಾರಿ ಹೇಳಿದರೂ ಹೇಳಬಹುದು.

ನಾವು ಮಂಡ್ಯದವರು. ಎಲ್ಲದಕ್ಕೂ ಮೈಸೂರಿಗೇ ಬರ್ಬೇಕಾ?

ಬೇಡ. ಪ್ಲೈವುಡ್, ಸ್ಕ್ರೂ, ಫೆವಿಕಾಲ್, ಅರಾಲ್ಡೈಟ್ ಎಲ್ಲ ಅಲ್ಲೇ ಇವೆ. ಲೇತ್ ಕೆಲಸಕ್ಕಂತೂ ಮಂಡ್ಯ ಒಂದು ಕೈ ಮೇಲು. ಕಬ್ಬಿನ ಗಾಣ, ಪಂಪ್‌ಸೆಟ್, ಟ್ರ್ಯಾಕ್ಟರ್ ರಿಪೇರಿಗೆ ದಿನಾ ಶಾಫ್ಟ್ ಕಡೆಯುವವರಿಗೆ ಸ್ಲೈಡ್ ಸರಳು ಕಡೆದು ಕೊಡುವುದು ಯಾವ ಲೆಕ್ಕ? ಸ್ಟೇನ್‌ಲೆಸ್ ಸ್ಟೀಲ್ ಸರಳು, 20 ಮಿ.ಮೀ. ದಪ್ಪ, 75 ಮಿ.ಮೀ. ಉದ್ದ, ಒಂದು ತುದಿ ಗುಂಡಗೆ, ಮೈ ಕನ್ನಡಿಯ ಹಾಗೆ ಪಾಲಿಶ್. ಗೆರೆ ಉಳಿದರೆ ತಂತಿಯ ಮೇಲೆ ಕರಕರ ಅನ್ನುತ್ತದೆ. ಟ್ಯೂನರ್ (ತಂತಿ ಬಿಗಿ ಮಾಡುವ ಕಿವಿ), ತಂತಿಗಷ್ಟೇ ಮೈಸೂರಿನ ಸಂಗೀತ ವಾದ್ಯದ ಅಂಗಡಿಗೆ ಬನ್ನಿ, ಇಲ್ಲವೇ ತರಿಸಿಕೊಳ್ಳಿ.

ಅಳತೆಗಳನ್ನು ಎಲ್ಲಿಂದ ಶುರುಮಾಡಬೇಕು?

ನಟ್‌ನಿಂದ (ಕತ್ತಿನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಸ್ಯಾಡಲ್‌ವರೆಗಿನ ತಂತಿಯ ಉದ್ದದಿಂದ. 25 ಇಂಚು, ಅಂದರೆ 635 ಮಿ.ಮೀ. ಇಟ್ಟುಕೊಳ್ಳಿ. ಕೋನ್‌ನ ನಡು ಬಿಂದು ಸರಿಯಾಗಿ ಅಲ್ಲೇ ಬರಬೇಕು. ಪೆಟ್ಟಿಗೆ ಮಾಡಿ ಆಮೇಲೆ ಕೋನ್‌ಗೆ ಜಾಗ ಹುಡುಕುವುದಲ್ಲ, ಕೋನ್ ಇಟ್ಟು ಅದರ ಸುತ್ತ ಪೆಟ್ಟಿಗೆ ಬರೆಯುವುದು.

ಗೋಡೆ ಕ್ಯಾಲೆಂಡರ್‌ಗಳ ಹಿಂಬದಿ ಅಂಟಿಸಿ ಉದ್ದ ಕಾಗದ ಮಾಡಿಕೊಂಡು ಪಕ್ಕದಿಂದ ಕಾಣುವ ಚಿತ್ರವನ್ನು ಪೂರ್ತಿ ಅಳತೆಯಲ್ಲಿ ಬರೆಯಿರಿ. ತಂತಿಯ ಗೆರೆ, ಕೋನ್‌ನ ಎತ್ತರ, ಬಿಲ್ಲೆಯ ದಪ್ಪ, ಮೇಲ್ಹಲಗೆ ಎಲ್ಲ ಅದರಲ್ಲಿ ಬರಲಿ. ಕೋನ್ ಎಷ್ಟು ಆಳದಲ್ಲಿ ಕೂರಬೇಕು ಅನ್ನುವುದು ನಿಮ್ಮ ಕೈಯಲ್ಲಿರುವ ಕೋನ್ ಮೇಲೆ ನಿಂತಿದೆ. ಬೇರೆಯವರ ನಕ್ಷೆಯ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ.

ಫ್ರೆಟ್ ಗೆರೆಗಳಿಗೆ ಲೆಕ್ಕ ಸುಲಭ. ಉಳಿದಿರುವ ಉದ್ದವನ್ನು 17.817ರಿಂದ ಭಾಗಿಸುತ್ತಾ ಹೋಗಿ. 635ಕ್ಕೆ ಮೊದಲ ಗೆರೆ 35.6 ಮಿ.ಮೀ., ಐದನೆಯದು 159.3, ಏಳನೆಯದು 211.2, ಹನ್ನೆರಡನೆಯದು ಸರಿಯಾಗಿ ಅರ್ಧ, 317.5. ಪ್ರತಿ ಗೆರೆಯನ್ನೂ ನಟ್‌ನಿಂದಲೇ ಅಳೆಯಿರಿ. ಗೆರೆಯಿಂದ ಗೆರೆಗೆ ಅಳೆದರೆ ಚಿಕ್ಕ ಚಿಕ್ಕ ತಪ್ಪು ಕೂಡಿಕೊಂಡು ಕೊನೆಗೆ ದೊಡ್ಡದಾಗುತ್ತದೆ.

ಕೋನ್ ಅನ್ನು ಹೇಗೆ ಕೂರಿಸಬೇಕು?

ಮೇಲ್ಹಲಗೆಯಲ್ಲಿ ಕೋನ್‌ಗಿಂತ ಒಂದೆರಡು ಮಿ.ಮೀ. ದೊಡ್ಡ ತೂತು. ಅದರ ಕೆಳಗೆ ದಪ್ಪ ಪ್ಲೈವುಡ್‌ನ ಉಂಗುರ ಅಂಟಿಸಿ. ಉಂಗುರದ ಒಳತೂತು ಚಿಕ್ಕದಿದ್ದು, ಸುತ್ತಲೂ ಸುಮಾರು 6 ಮಿ.ಮೀ. ಅಗಲದ ಮೆಟ್ಟಿಲು ಉಳಿಯಬೇಕು. ಕೋನ್‌ನ ಅಂಚು ಕೂರುವುದು ಆ ಮೆಟ್ಟಿಲ ಮೇಲೆ.

ಇಡೀ ಗಿಟಾರ್‌ನಲ್ಲಿ ಅರ್ಧ ಮಿಲಿಮೀಟರ್ ಕೂಡ ಬಿಟ್ಟುಕೊಡಬಾರದ ಜಾಗ ಇದೊಂದೇ. ಮೆಟ್ಟಿಲು ಸುತ್ತಲೂ ಒಂದೇ ಮಟ್ಟ ಇರಬೇಕು. ಉಂಗುರವನ್ನು ಅಂಟಿಸುವ ಮೊದಲೇ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಅದರ ಮೇಲೆ ಉಜ್ಜಿ ಮಟ್ಟ ಮಾಡಿ. ಕೋನ್ ಅಂಚನ್ನೂ ಗಾಜಿನ ಮೇಲಿಟ್ಟು ಸುತ್ತ ಬೆರಳಾಡಿಸಿ. ಎಲ್ಲಾದರೂ ಟಕಟಕ ಅಲ್ಲಾಡಿದರೆ ಅಂಚು ಸೊಟ್ಟಗಿದೆ, ಕೈಯಲ್ಲೇ ಮೆಲ್ಲಗೆ ಬಗ್ಗಿಸಿ ಸರಿಮಾಡಿ. ಕುದಿಯುವ ಪಾತ್ರೆಯ ಮುಚ್ಚಳ ಒಂದು ಕಡೆ ಎದ್ದಿದ್ದರೆ ಹೇಗೆ ಬಡಿದುಕೊಳ್ಳುತ್ತದೋ, ಇದೂ ಹಾಗೇ ಬಡಿದುಕೊಳ್ಳುತ್ತದೆ.

ಕೋನ್‌ಗೆ ಸ್ಕ್ರೂ ಹಾಕಬೇಡಿ, ಅಂಟೂ ಬೇಡ. ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ. ಬಿಲ್ಲೆಯನ್ನು ಮಾತ್ರ ಕೋನ್‌ನ ತುದಿಗೆ ಒಂದು ಪುಟ್ಟ ಸ್ಕ್ರೂನಿಂದ ಸೇರಿಸುತ್ತಾರೆ. ಬಿಲ್ಲೆ ಗಟ್ಟಿ ಮರದ್ದಾಗಿರಲಿ, ಸುಮಾರು 2 ಇಂಚು ಅಗಲ. ದಪ್ಪ ಮಾಡಿದಷ್ಟೂ ಸದ್ದು ಕುಗ್ಗುತ್ತದೆ.

ತಂತಿಗಳ ಎಳೆತಕ್ಕೆ ಕೋನ್ ಕುಸಿಯಲ್ವಾ?

ಪೂರ್ತಿ ಎಳೆತ ಅದರ ಮೇಲೆ ಬಿದ್ದರೆ ಖಂಡಿತ ಕುಸಿಯುತ್ತದೆ. ಮಾಮೂಲಿ ಲೈಟ್ ತಂತಿಯ ಸೆಟ್ ಶ್ರುತಿಗೆ ಬಂದಾಗ ಆರೂ ಸೇರಿ ಸುಮಾರು 70 ಕೆ.ಜಿ. ಎಳೆಯುತ್ತವೆ. ಡೋಬ್ರೋಗೆ ಹಾಕುವ ದಪ್ಪ ತಂತಿಗಳು ಇನ್ನೂ ಜಾಸ್ತಿ. ಆದ್ದರಿಂದ ತಂತಿಯನ್ನು ಬ್ರಿಡ್ಜ್‌ಗೆ ಕಟ್ಟುವುದಿಲ್ಲ. ಸ್ಯಾಡಲ್ ದಾಟಿಸಿ ಪೆಟ್ಟಿಗೆಯ ಕೊನೆಯಲ್ಲಿರುವ ಟೇಲ್‌ಪೀಸ್‌ಗೆ ಕಟ್ಟುತ್ತಾರೆ. ಬಾಗಿಲಿಗೆ ಹಾಕುವ ಗಟ್ಟಿ ಸ್ಟೀಲ್ ಹಿಂಜಸ್‌ಗೆ ಆರು ತೂತು ಕೊರೆದರೆ ಅದೇ ಟೇಲ್‌ಪೀಸ್.

ಕೋನ್ ಮೇಲೆ ಬೀಳುವುದು ತಂತಿ ಸ್ಯಾಡಲ್ ಮೇಲೆ ಬಾಗುವಾಗ ಉಂಟಾಗುವ ಒತ್ತಡ ಮಾತ್ರ. ಬಾಗು ಜಾಸ್ತಿಯಾದರೆ ಕೋನ್ ಕುಗ್ಗುತ್ತದೆ. ತೀರಾ ಕಮ್ಮಿಯಾದರೆ ತಂತಿ ಕೂರದೆ ಝುಯ್ ಅನ್ನುತ್ತದೆ. ತಂತಿಯನ್ನು ಒಂದೇ ಸಲ ಶ್ರುತಿಗೆ ಏರಿಸಬೇಡಿ. ಸ್ವಲ್ಪ ಬಿಗಿ ಮಾಡಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೋನ್ ನೋಡಿ, ಮತ್ತೆ ಬಿಗಿ ಮಾಡಿ.

ಕತ್ತಿಗೂ ಇದೇ ಎಳೆತ. ಅದಕ್ಕೇ ಕತ್ತಿನ ಮರವನ್ನು ಪೆಟ್ಟಿಗೆಯೊಳಗೆ ಕೋನ್‌ನ ಕೆಳಗೆ ಹಾದು ಹಿಂದಿನ ತುದಿಯವರೆಗೂ ಒಂದೇ ಕೋಲಾಗಿ ಬಿಡುವುದು ಕ್ಷೇಮ. ಕೋಲು ಕೋನ್‌ಗೆ ತಾಗದಿರಲಿ.

ಕೋನ್ ಮೇಲಿನ ಮುಚ್ಚುತಟ್ಟೆಗೆ ಏನು ಬಳಸಬಹುದು?

ಸ್ಟೀಲ್ ಊಟದ ತಟ್ಟೆ ಬೋರಲು ಹಾಕಿ. 11 ಇಂಚಿನದು ಹೇಳಿಮಾಡಿಸಿದಂತಿರುತ್ತದೆ. ನಡುವೆ ಬಿಲ್ಲೆಗೆ ಕಿಂಡಿ, ಸುತ್ತ ಸದ್ದಿಗೆ ತೂತುಗಳು. ತೂತು ಎಲ್ಲೆಲ್ಲಿ ಅನ್ನುವುದಕ್ಕೆ ರಂಗೋಲಿಯ ಚುಕ್ಕಿ ಲೆಕ್ಕ ಹಿಡಿದವರಿದ್ದಾರೆ, ನೋಡಲು ಬಲು ಚೆಂದ. ಕೊರೆಯುವ ಮೊದಲು ಪಂಚ್‌ನಿಂದ ಗುರುತು ಹೊಡೆಯಿರಿ, ಕೆಳಗೆ ಮರದ ತುಂಡು ಇಡಿ, ಡ್ರಿಲ್ ನಿಧಾನ ಓಡಿಸಿ, ಎಣ್ಣೆ ಹನಿ ಬಿಡಿ. ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸ್ಟೀಲ್ ಜರಡಿಯೂ ಆಗುತ್ತದೆ, ಆದರೆ ಅಂಗೈ ಒತ್ತಿದರೆ ತಗ್ಗಿ ಕೋನ್‌ಗೆ ತಾಗುತ್ತದೆ.

ಮೈಯೆಲ್ಲ ಲೋಹದ್ದೇ ಮಾಡಬಹುದಾ? ಟಿಂಕರಿಂಗ್‌ನವರು ಪರಿಚಯ ಇದ್ದಾರೆ.

ಮಾಡಬಹುದು, ಎರಡನೆಯ ಗಿಟಾರ್‌ಗೆ. ಹಳೆಯ ನ್ಯಾಷನಲ್‌ಗಳು ಹಿತ್ತಾಳೆ, ಸ್ಟೀಲ್ ತಗಡಿನವು. ತೆಳು ತಗಡು ಬೆಸುಗೆಯ ಕಾವಿಗೆ ಸೊಟ್ಟಗಾಗುತ್ತದೆ, ಕೈ ಪಳಗಿರಬೇಕು. ಜಿಂಕ್ ಲೇಪದ ಜಿಐ ಶೀಟ್ ಮಾತ್ರ ಬೇಡ. ಬೆಸೆಯುವಾಗ ಬರುವ ಹೊಗೆ ಕುಡಿದರೆ ಜ್ವರ ಬರುತ್ತದೆ.

ಮನೆಯಲ್ಲಿ ಹಳೆ ಗಿಟಾರ್ ಇದೆ. ಅದಕ್ಕೇ ಕೋನ್ ಕೂರಿಸಬಹುದಾ?

ಕೂರಿಸಬಹುದು. ಎಲ್ಲಕ್ಕಿಂತ ಬೇಗ ಆಗುವ ದಾರಿ. ಅಷ್ಟು ದೊಡ್ಡ ತೂತು ಕೊರೆದಾಗ ಒಳಗಿನ ಆಸರೆ ಪಟ್ಟಿಗಳೆಲ್ಲ ತುಂಡಾಗುತ್ತವೆ. ಹಾಗಾಗಿ ಕತ್ತಿನ ಬುಡದಿಂದ ಹಿಂದಿನ ತುದಿಗೆ ಗಟ್ಟಿ ಕೋಲು ಕೊಡಲೇಬೇಕು. ನಟ್ ಎತ್ತರಿಸಿ ತಂತಿಯನ್ನು ಕತ್ತಿನ ಹಲಗೆಯಿಂದ 10 ಮಿ.ಮೀ. ಮೇಲೆ ತಂದರೆ ಸ್ಲೈಡ್‌ಗೆ ಸಿದ್ಧ.

ಯಾವ ಶ್ರುತಿ? ಕರ್ನಾಟಕ ಸಂಗೀತ ನುಡಿಸಬಹುದಾ?

ಓಪನ್ ಡಿ ಶ್ರುತಿಯಲ್ಲಿ ತಂತಿಗಳು ದಪ್ಪದಿಂದ ಸಣ್ಣದಕ್ಕೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ. ಗ ಅಂದರೆ ಅಂತರ ಗಾಂಧಾರ. ಡೋಬ್ರೋದವರ ಜಿ ಶ್ರುತಿ ಸ ಗ ಪ ಸ ಗ ಪ. ಅದಕ್ಕೆ 16ರಿಂದ 56ರ ಸೆಟ್ ಬೇಕು (ಅಂಕಿ ತಂತಿಯ ದಪ್ಪದ್ದು, ಇಂಚಿನ ಸಾವಿರದ ಲೆಕ್ಕದಲ್ಲಿ). ಮೊದಲು ಓಪನ್ ಡಿ ಸಾಕು, 12ರಿಂದ 53ರ ಮಾಮೂಲಿ ಸೆಟ್ ಹಾಕಿ. ಸಾಧಾರಣ ಗಾಂಧಾರದ ರಾಗಕ್ಕೆ ಗ ತಂತಿಯನ್ನು ಮಧ್ಯಮಕ್ಕೋ ಪಂಚಮಕ್ಕೋ ಬದಲಿಸಿಕೊಂಡರೆ ಆಯಿತು.

ಗಮಕಕ್ಕೆ ಇದು ಬಹಳ ಒಳ್ಳೆಯ ವಾದ್ಯ, ಜಾರು ತಾನಾಗಿಯೇ ಬರುತ್ತದೆ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಸರಳು ಗೆರೆಯ ನೇರ ಮೇಲೆ ಬರಬೇಕು, ಹಿಂದೆ ಅಲ್ಲ. ಸರಳಿನ ಹಿಂದಿನ ತಂತಿಯನ್ನು ಎಡಗೈಯ ಉಳಿದ ಬೆರಳಿಂದ ಮುಟ್ಟಿ ಸುಮ್ಮನಿರಿಸಬೇಕು, ಇಲ್ಲದಿದ್ದರೆ ಬೇಡದ ಸದ್ದೆಲ್ಲ ಕೋನ್ ಎತ್ತಿ ಹೇಳುತ್ತದೆ.

ಎಲ್ಲ ಮಾಡಿದೆ, ಆದರೆ ಗರಗರ ಸದ್ದು ಬರುತ್ತಿದೆ. ಏನು ಮಾಡಲಿ?

ಕೋನ್ ಬಿಚ್ಚಲು ಓಡಬೇಡಿ. ಮೊದಲು ಮುಚ್ಚುತಟ್ಟೆ ತೆಗೆದು ನುಡಿಸಿ. ಸದ್ದು ಹೋದರೆ ತಟ್ಟೆಯದೇ ತಪ್ಪು: ಸ್ಕ್ರೂ ಸಡಿಲ, ಇಲ್ಲವೇ ಬಿಲ್ಲೆಗೆ ತಾಗುತ್ತಿದೆ. ಹೋಗದಿದ್ದರೆ ಟ್ಯೂನರ್‌ಗಳ ಸಣ್ಣ ಸ್ಕ್ರೂ, ತಂತಿಯ ಉಳಿದ ತುದಿ ನೋಡಿ. ಆಮೇಲೆ ಸ್ಯಾಡಲ್ ಗಾಡಿಗಳು, ಅಂದರೆ ತಂತಿ ಕೂರುವ ಸೀಳುಗಳು. ಒಂದೇ ತಂತಿ ಗರಗರ ಅಂದರೆ ಹೆಚ್ಚಾಗಿ ಗಾಡಿ ಅಗಲವಾಗಿರುತ್ತದೆ. ಎಲ್ಲ ತಂತಿಯಲ್ಲೂ ಬಂದರೆ ಕೋನ್ ಕೂತಿಲ್ಲ. ತಂತಿ ಸಡಿಲಿಸಿ, ಕೋನ್ ಸ್ವಲ್ಪ ತಿರುಗಿಸಿ, ಮತ್ತೆ ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪಾಲಿಶ್‌ಗೆ ಏನು ಹಾಕಲಿ?

ಮರಗೆಲಸದವರು ಬಳಸುವ ಫ್ರೆಂಚ್ ಪಾಲಿಶ್ ಚೆನ್ನಾಗಿರುತ್ತದೆ. ಅದು ಅರಗಿನಿಂದ ಬರುವ ವಸ್ತು. ಚುನಾವಣೆಯ ಶಾಯಿ ಮಾಡುವ ಮೈಸೂರಿನ ಕಾರ್ಖಾನೆ ಕೂಡ 1937ರಲ್ಲಿ ಶುರುವಾದದ್ದು ಅರಗು ಮತ್ತು ಬಣ್ಣದ ಕೆಲಸಕ್ಕೇ. ಮೆಟ್ಟಿಲ ಮೇಲೆ, ಅಂದರೆ ಕೋನ್ ಕೂರುವ ಜಾಗಕ್ಕೆ, ಪಾಲಿಶ್ ಗಟ್ಟಿಯಾಗಿ ಹರಿಯದಂತೆ ನೋಡಿಕೊಳ್ಳಿ.

ಸ್ಟೇಜ್ ಮೇಲೆ ನುಡಿಸಲು ಪಿಕಪ್ ಹಾಕಬಹುದಾ?

ಪಿಕಪ್ ಅಂದರೆ ಅದುರನ್ನು ವಿದ್ಯುತ್ತಾಗಿಸಿ ಸ್ಪೀಕರ್‌ಗೆ ಕಳಿಸುವ ಸಾಧನ. ಮ್ಯಾಗ್ನೆಟಿಕ್ ಪಿಕಪ್ ತಂತಿಯನ್ನಷ್ಟೇ ಕೇಳಿಸಿಕೊಳ್ಳುತ್ತದೆ, ಕೋನ್ ಅನ್ನಲ್ಲ. ತಾನು ಅಂಟಿದ ಜಾಗದ ಅದುರನ್ನು ಹಿಡಿಯುವ ಪೀಜೋ ಬಿಲ್ಲೆಯೊಂದನ್ನು ಬಿಸ್ಕೆಟ್ ಕೆಳಗೆ ಅಂಟಿಸಿದರೆ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಒಳ್ಳೆಯ ಮೈಕ್ ಇದ್ದರೆ ಮುಚ್ಚುತಟ್ಟೆಯಿಂದ ಒಂದು ಗೇಣು ದೂರ ಇಡಿ, ಬೇರೇನೂ ಬೇಡ.